ಸಾವಿನೆದುರು ನಡೆದುಹೋದ ಹುಡುಗ

ಬೈಲಹೊಂಗಲ ಸೀಮೆಯಲ್ಲಿ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನೋಡಲು ಕುಳಿತವರಲ್ಲಿ ಕಥೆಯ ಕೊನೆ ತಿಳಿಯದವರು ಇರುವುದೇ ಅಪರೂಪ. ಗೆಳೆಯನನ್ನು ನಂಬಿದ ಸಂಗ್ಯಾ ಕೊಲೆಯಾಗುತ್ತಾನೆಂಬುದು ಮೇಳದವರು ಬಣ್ಣ ಹಚ್ಚಿಕೊಳ್ಳುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಬೆಳಕು ಹರಿಯುವ ತನಕ ಯಾರೂ ಏಳುವುದಿಲ್ಲ. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಹಾಗೆಯೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರೆಂಬುದನ್ನು ಅರಿತೇ ಜನರು ಡಪ್ಪಿನ ಸದ್ದಿಗೆ ಕಿವಿಗೊಡುತ್ತಾರೆ. ಈ ಸೀಮೆಯ ಕೇಳುಗನಿಗೆ ಕೊನೆಯಲ್ಲಿ ಏನಾಯಿತೆಂಬ ಕುತೂಹಲಕ್ಕಿಂತ, ಆ ಕೊನೆಯ ಕಡೆಗೆ ಆತ ಹೇಗೆ ನಡೆದುಹೋದನೆಂಬುದೇ ಮುಖ್ಯ.

ಇದಕ್ಕೆ ತೀರ ವಿರುದ್ಧವಾದ ಕುತೂಹಲವೊಂದನ್ನು ಜಗತ್ತು 2007ರ ಜುಲೈ 21ರಂದು ಕಂಡಿತು. ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಏಳನೆಯ ಹಾಗೂ ಕೊನೆಯ ಪುಸ್ತಕ ‘ಹ್ಯಾರಿ ಪಾಟರ್ ಅಂಡ್ ದ ಡೆತ್ಲಿ ಹ್ಯಾಲೋಸ್’ ಅಂದು ಬಿಡುಗಡೆಯಾಯಿತು. 1997ರ ಜೂನ್ 26ರಂದು ಮೊದಲ ಪುಸ್ತಕ ಬಂದಾಗಿನಿಂದ ಹತ್ತು ವರ್ಷ ಕಾದಿದ್ದ ಓದುಗರು, ರಾಮದುರ್ಗದ ಆಚೆ ಸುರೇಬಾನದ ಕೊಳ್ಳದಲ್ಲಿ ಕಾದ ಶಬರಿಯಷ್ಟಲ್ಲದಿದ್ದರೂ, ತಕ್ಕಮಟ್ಟಿಗೆ ತಾಳ್ಮೆಯನ್ನೇ ತೋರಿದ್ದರು. ಹುಡುಗ ಬದುಕುವನೋ ಸಾಯುವನೋ ಎಂಬ ಒಂದೇ ಗುಟ್ಟನ್ನು ಕಾಯಲು ಪ್ರಕಾಶಕರು ಪೆಟ್ಟಿಗೆಗಳಿಗೆ ಕಾವಲಿಟ್ಟರು. ಅಮೆರಿಕವೊಂದರಲ್ಲೇ ಮೊದಲ 24 ಗಂಟೆಗಳಲ್ಲಿ 83 ಲಕ್ಷ ಪ್ರತಿಗಳು ಮಾರಾಟವಾದವು. ಬೆಂಗಳೂರಿನ ಅಂಗಡಿಗಳ ಮುಂದೆಯೂ ಮಕ್ಕಳು ಹೆತ್ತವರ ಕೈಹಿಡಿದು ಸಾಲುಗಟ್ಟಿ ನಿಂತಿದ್ದರು.

ಆ ಗುಟ್ಟು ಈಗ ಗುಟ್ಟಾಗಿ ಉಳಿದಿಲ್ಲ. ಚಲನಚಿತ್ರ ನೋಡಿದ ಐದನೆಯ ತರಗತಿಯ ಮಗುವೂ ಅದನ್ನು ಹೇಳಿಬಿಡುತ್ತದೆ. ಆದ್ದರಿಂದ ಸಣ್ಣಾಟದ ಪ್ರೇಕ್ಷಕನ ಅಳತೆಗೋಲನ್ನು ಈ ಪುಸ್ತಕಕ್ಕೆ ಹಿಡಿದು ನೋಡಲು ಇದೇ ತಕ್ಕ ಕಾಲ. ಕೊನೆ ಗೊತ್ತಿದ್ದೂ ಓದಬಹುದೇ? ಓದಬಹುದು ಎಂಬುದು ನನ್ನ ಅಭಿಪ್ರಾಯ. ಅಷ್ಟೇ ಅಲ್ಲ, ಕೊನೆ ಗೊತ್ತಾದ ಮೇಲೆಯೇ ಇದರ ನಿಜವಾದ ಬೆಲೆ ಕಾಣುತ್ತದೆ. ಸರಣಿಯ ಕೊನೆಯ ಪುಸ್ತಕಗಳು ಸಾಮಾನ್ಯವಾಗಿ ಕಟ್ಟಿದ ಗಂಟುಗಳನ್ನು ಬಿಚ್ಚುವುದರಲ್ಲೇ ದಣಿದುಹೋಗುತ್ತವೆ. ಈ ಪುಸ್ತಕವೂ ಅಲ್ಲಲ್ಲಿ ದಣಿದಿದೆ. ಆದರೆ ಮುಖ್ಯವಾದ ಒಂದು ವಿಷಯದಲ್ಲಿ ಅದು ಸೋತಿಲ್ಲ. ಸತ್ತವರ ಬಗ್ಗೆ ಮಕ್ಕಳಿಗೆ ಸುಳ್ಳು ಹೇಳದೆಯೇ ಅವರನ್ನು ಸಂತೈಸುತ್ತದೆ.

ಮಾಟಮಂತ್ರದ ಕಥೆಗೆ ನಮ್ಮ ಪತ್ರಿಕೆಯಲ್ಲಿ ಏನು ಕೆಲಸವೆಂದು ಕೆಲವು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. 2008ರ ಜನವರಿಯಲ್ಲಿ ವ್ಯಾಟಿಕನ್ನಿನ ‘ಲೊಸ್ಸೆರ್ವಾತೊರೆ ರೊಮಾನೊ’ ಪತ್ರಿಕೆಯು ಈ ಸರಣಿಯ ಕುರಿತು ಎರಡು ಲೇಖನಗಳನ್ನು ಅಕ್ಕಪಕ್ಕದಲ್ಲಿ ಪ್ರಕಟಿಸಿತು. ಒಂದು ಮೆಚ್ಚಿ ಬರೆದದ್ದು, ಮತ್ತೊಂದು ಆಕ್ಷೇಪಿಸಿ ಬರೆದದ್ದು. ಎರಡನ್ನೂ ಓದುಗರ ಮುಂದಿಟ್ಟ ಆ ನಡೆ ನನಗೆ ಹಿಡಿಸುತ್ತದೆ. ಮಂತ್ರವಿದ್ಯೆ ಮಕ್ಕಳನ್ನು ಮರುಳುಗೊಳಿಸೀತೆಂಬ ಅಂಜಿಕೆ ಮೊದಲ ಪುಸ್ತಕಗಳನ್ನು ಕಂಡವರಿಗೆ ಬರುವುದು ಸಹಜ. ಕೊನೆಯ ಪುಸ್ತಕವನ್ನು ಪೂರ್ತಿ ಓದಿದವರು ಒಂದನ್ನು ಗಮನಿಸಬೇಕು. ಇಲ್ಲಿ ಮಂತ್ರಕ್ಕೆ ಎಲ್ಲವೂ ಸಾಧ್ಯ, ಸಾವನ್ನು ಹಿಂದಕ್ಕೆ ತಿರುಗಿಸುವುದೊಂದನ್ನು ಬಿಟ್ಟು. ಕಥೆಯ ಹುರಿಯೆಲ್ಲ ಇರುವುದು ಆ ಒಂದು ಅಸಾಧ್ಯದ ಮೇಲೆಯೇ.

ಓದದವರಿಗಾಗಿ ಎರಡು ಮಾತು. ವೋಲ್ಡೆಮಾರ್ಟ್ ಎಂಬ ದುಷ್ಟ ಮಾಂತ್ರಿಕನು ಸಾವಿಗೆ ಅಂಜಿ, ಕೊಲೆಗಳನ್ನು ಮಾಡಿ, ತನ್ನ ಆತ್ಮವನ್ನು ಚೂರುಚೂರಾಗಿ ಒಡೆದು ಹಾರ್‌ಕ್ರಕ್ಸ್ ಎಂಬ ವಸ್ತುಗಳಲ್ಲಿ ಅಡಗಿಸಿಟ್ಟಿದ್ದಾನೆ. ಅವನ ಹೆಸರನ್ನು ಫ್ರೆಂಚ್ ಭಾಷೆಯಲ್ಲಿ ಬಿಡಿಸಿದರೆ ಸಾವಿನಿಂದ ಹಾರಿಹೋಗುವವನು ಎಂಬ ಅರ್ಥವೂ ಹೊರಡುತ್ತದೆ. ಅವನು ಹ್ಯಾರಿಯ ತಂದೆತಾಯಿಯನ್ನು ಕೊಂದಾಗ ಮಗುವಿಗೆ ಒಂದು ವರ್ಷ. ಆರನೆಯ ಪುಸ್ತಕದ ಕೊನೆಯಲ್ಲಿ ಗುರುವಾದ ಡಂಬಲ್‌ಡೋರ್ ಕೂಡ ತೀರಿಕೊಂಡಿದ್ದಾರೆ. ಈಗ ಹದಿನೇಳರ ಹ್ಯಾರಿ, ಗೆಳೆಯ ರಾನ್, ಗೆಳತಿ ಹರ್ಮಯನಿ ಮೂವರೂ ಶಾಲೆಯನ್ನು ತೊರೆದು, ಆ ಚೂರುಗಳನ್ನು ಹುಡುಕಿ ನಾಶಮಾಡಲು ಹೊರಟಿದ್ದಾರೆ.

ಕಥೆಯ ನಡುವೆ, ಕ್ರಿಸ್ಮಸ್ ಹಿಂದಿನ ರಾತ್ರಿ, ಹ್ಯಾರಿ ತಾನು ಹುಟ್ಟಿದ ಹಳ್ಳಿಗೆ ಬರುತ್ತಾನೆ. ಹಿಮ ಬಿದ್ದಿದೆ, ಚರ್ಚಿನೊಳಗಿಂದ ಕ್ರಿಸ್ತಜಯಂತಿಯ ಗೀತೆಗಳು ಕೇಳಿಬರುತ್ತಿವೆ. ಹಿಂಬದಿಯ ಸಮಾಧಿಭೂಮಿಯಲ್ಲಿ ಅವನು ಎರಡು ಕಲ್ಲುಗಳನ್ನು ಕಾಣುತ್ತಾನೆ. ಒಂದು ಡಂಬಲ್‌ಡೋರರ ತಾಯಿ ಮತ್ತು ತಂಗಿಯದು. ಅದರ ಮೇಲೆ ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯದ 21ನೆಯ ವಚನ, ನಿಧಿಯನ್ನೂ ಹೃದಯವನ್ನೂ ಒಟ್ಟಿಗೆ ಹೇಳುವ ಆ ಮಾತು. ಇನ್ನೊಂದು ಅವನ ತಂದೆತಾಯಿಯದು. ಅದರ ಮೇಲೆ ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದ 26ನೆಯ ವಚನ, ಸಾವನ್ನು ಕೊನೆಯ ಶತ್ರುವೆಂದು ಕರೆಯುವ ವಚನ. ಇದು ಬೈಬಲಿನದೆಂದು ಲೇಖಕಿ ಎಲ್ಲಿಯೂ ಹೇಳುವುದಿಲ್ಲ, ಕಲ್ಲಿನ ಮೇಲೆ ಕೆತ್ತಿಟ್ಟು ಸುಮ್ಮನಾಗುತ್ತಾರೆ. 2007ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಪತ್ರಕರ್ತರೊಡನೆ ಮಾತನಾಡುವಾಗ ಮಾತ್ರ, ಇಡೀ ಸರಣಿಯ ಸಾರ ಬಹುಮಟ್ಟಿಗೆ ಈ ಎರಡು ವಚನಗಳಲ್ಲಿದೆ ಎಂಬರ್ಥದಲ್ಲಿ ಹೇಳಿದರು.

ನನಗೆ ಮುಖ್ಯವೆನಿಸುವುದು ಆ ವಚನವಲ್ಲ, ಅದನ್ನು ಓದಿದ ಹುಡುಗನ ಪ್ರತಿಕ್ರಿಯೆ. ಅವನು ಗಾಬರಿಯಾಗುತ್ತಾನೆ. ಸಾವನ್ನು ನಾಶಮಾಡಬೇಕೆಂಬುದು ವೋಲ್ಡೆಮಾರ್ಟನ ಹಂಬಲವಲ್ಲವೇ, ಅದು ತನ್ನ ತಂದೆತಾಯಿಯ ಕಲ್ಲಿನ ಮೇಲೆ ಏಕೆ ಬಂತು ಎಂದು ಅವನ ಸಂದೇಹ. ಅದು ಆ ಅರ್ಥದಲ್ಲಲ್ಲ, ಸಾವಿನ ಆಚೆಗೂ ಬಾಳುವ ಅರ್ಥದಲ್ಲಿ ಎಂದು ಹರ್ಮಯನಿ ಮೆಲ್ಲನೆ ಬಿಡಿಸಿ ಹೇಳುತ್ತಾಳೆ. ಉಪದೇಶದ ಪುಸ್ತಕವಾಗಿದ್ದರೆ ಹುಡುಗ ಅಲ್ಲಿಗೇ ಸಮಾಧಾನ ಹೊಂದುತ್ತಿದ್ದ. ರೌಲಿಂಗ್ ಹಾಗೆ ಮಾಡುವುದಿಲ್ಲ. ಬಾಳುತ್ತಿಲ್ಲವಲ್ಲ, ಇಲ್ಲವಾಗಿದ್ದಾರಲ್ಲ ಎಂದು ಅವನ ಮನಸ್ಸು ಕಹಿಯಾಗುತ್ತದೆ. ಹಿಮದ ಕೆಳಗೆ ಎಲುಬುಗಳಷ್ಟೇ ಉಳಿದಿವೆ ಎಂಬ ನೆನಪು ಬರುತ್ತದೆ. ತಾನೂ ಅವರ ಜೊತೆ ಅಲ್ಲೇ ಮಲಗಿದ್ದರೆ ಒಳ್ಳೆಯದಿತ್ತೆಂಬ ಬಯಕೆಯೂ ಸುಳಿದುಹೋಗುತ್ತದೆ. ಸಮಾಧಿಗೆ ಇಡಲು ಹೂ ತರಲು ಕೂಡ ಅವನಿಗೆ ನೆನಪಾಗಿಲ್ಲ. ಹರ್ಮಯನಿ ಗಾಳಿಯಲ್ಲಿ ದಂಡವನ್ನಾಡಿಸಿ ಹೂಮಾಲೆಯೊಂದನ್ನು ಬರಿಸಿಕೊಡುತ್ತಾಳೆ. ಸಕಲ ಮೃತರ ಸ್ಮರಣೆಯ ದಿನ ನಮ್ಮ ಸಮಾಧಿಭೂಮಿಗಳಲ್ಲಿ ಮೇಣದಬತ್ತಿ ಹಚ್ಚುವ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ಇದೇ ನಡೆದಿರುತ್ತದೆ. ವಚನ ಕೇಳಿರುತ್ತದೆ, ಎದೆಗೆ ಇಳಿದಿರುವುದಿಲ್ಲ. ಈ ಪುಟಗಳನ್ನು ಬರೆದವರು ದುಃಖವನ್ನು ಕಂಡವರೆಂಬುದು ಓದಿದರೇ ತಿಳಿಯುತ್ತದೆ. ಸರಣಿಯನ್ನು ಬರೆಯಲು ಆರಂಭಿಸಿದ ಕೆಲವೇ ತಿಂಗಳಲ್ಲಿ, 1990ರ ಡಿಸೆಂಬರಿನಲ್ಲಿ, ರೌಲಿಂಗ್ ತಮ್ಮ ತಾಯಿಯನ್ನು ಕಳೆದುಕೊಂಡರು. ಆ ತಾಯಿಗೆ ಆಗ 45 ವರ್ಷ.

ಪುಸ್ತಕದ ಹೆಸರಿನಲ್ಲಿರುವ ‘ಹ್ಯಾಲೋಸ್’ ಒಂದು ಅಡಗೂಲಜ್ಜಿ ಕಥೆಯಿಂದ ಬಂದದ್ದು. ನದಿ ದಾಟಿದ ಮೂವರು ಅಣ್ಣತಮ್ಮಂದಿರಿಗೆ ಮೃತ್ಯು ಎದುರಾಗಿ ವರ ಕೊಡುತ್ತಾನೆ. ಹಿರಿಯನು ಯಾರಿಗೂ ಸೋಲದ ದಂಡವನ್ನು ಬೇಡಿ, ಜಂಬ ಕೊಚ್ಚಿಕೊಂಡು, ಮಲಗಿದಲ್ಲೇ ಕೊಲೆಯಾಗುತ್ತಾನೆ. ನಡುವಿನವನು ಸತ್ತವರನ್ನು ಕರೆಯುವ ಕಲ್ಲನ್ನು ಬೇಡುತ್ತಾನೆ. ಸತ್ತ ಪ್ರೇಯಸಿ ಬರುತ್ತಾಳೆ, ಆದರೆ ಈ ಲೋಕಕ್ಕೆ ಸೇರದವಳಾಗಿ, ತಣ್ಣಗೆ, ತೆರೆಯ ಆಚೆ ನಿಂತವಳಂತೆ ಬರುತ್ತಾಳೆ. ಅವನು ಹುಚ್ಚನಾಗಿ ತನ್ನನ್ನೇ ಕೊಂದುಕೊಳ್ಳುತ್ತಾನೆ. ಕಿರಿಯನು ಮರೆಮಾಡುವ ಹೊದಿಕೆಯೊಂದನ್ನು ಮಾತ್ರ ಪಡೆದು, ಬಾಳಿ ಮುದಿಯಾಗಿ, ಅದನ್ನು ಮಗನಿಗೊಪ್ಪಿಸಿ, ಹಳೆಯ ಗೆಳೆಯನ ಜೊತೆ ಹೋದಂತೆ ಮೃತ್ಯುವಿನ ಜೊತೆ ಹೊರಡುತ್ತಾನೆ. ಪಡಸಾಲೆಯಲ್ಲಿ ಕುಳಿತ ಅಜ್ಜಿ ಹೇಳಬಹುದಾದ ಕಥೆಯಿದು. ಆರುನೂರು ಪುಟಗಳ ಪುಸ್ತಕದ ಬೀಜವೂ ಇದೇ.

ಆ ಮೂರು ವಸ್ತುಗಳನ್ನು ಗಳಿಸುವ ಆಸೆ ಹ್ಯಾರಿಯನ್ನೂ ಹಿಡಿಯುತ್ತದೆ. ಅದು ಬಿಟ್ಟುಹೋಗುವುದು ಸಮಾಧಿಯೊಂದನ್ನು ಅಗೆಯುವಾಗ. ಡಾಬಿ ಎಂಬ ಪುಟ್ಟ ಮನೆಯಾಳು, ಹಿಂದೆ ಜೀತದಲ್ಲಿದ್ದವನು, ಹ್ಯಾರಿಯನ್ನು ಶತ್ರುಗಳ ಮನೆಯಿಂದ ಬಿಡಿಸಿ ತರುವಾಗ ಚೂರಿಯ ಇರಿತಕ್ಕೆ ಸಿಕ್ಕಿ ಅವನ ತೋಳಲ್ಲೇ ಪ್ರಾಣ ಬಿಡುತ್ತಾನೆ. ಮಂತ್ರ ಹೇಳಿದರೆ ಕ್ಷಣದಲ್ಲಿ ಗುಂಡಿಯಾಗುತ್ತದೆ. ಹ್ಯಾರಿಗೆ ಅದು ಬೇಡ. ಸಲಿಕೆ ಕೇಳಿ ಪಡೆದು ಕಡಲ ದಂಡೆಯಲ್ಲಿ ತಾನೇ ಅಗೆಯುತ್ತಾನೆ. ಅಂಗೈಯಲ್ಲಿ ಬೊಬ್ಬೆಗಳೇಳುತ್ತವೆ. ಸ್ವಲ್ಪ ಹೊತ್ತಿಗೆ ಇನ್ನಿಬ್ಬರು ಹುಡುಗರು ಏನೂ ಮಾತನಾಡದೆ ಸಲಿಕೆ ಹಿಡಿದು ಗುಂಡಿಗಿಳಿಯುತ್ತಾರೆ. ಒಬ್ಬನು ತನ್ನ ಕಾಲುಚೀಲ ಮತ್ತು ಬೂಟನ್ನು ಸತ್ತವನಿಗೆ ತೊಡಿಸುತ್ತಾನೆ, ಮತ್ತೊಬ್ಬನು ತನ್ನ ಉಣ್ಣೆಯ ಟೊಪ್ಪಿಗೆಯನ್ನು ಕೊಡುತ್ತಾನೆ. ನಮ್ಮ ಕಡೆ ಶವಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತೇವೆ, ಒಂದು ಹಿಡಿ ಮಣ್ಣು ಕೊಟ್ಟು ಬರುತ್ತೇವೆ. ಲಿಂಗಾಯತರು, ಮುಸಲ್ಮಾನರು, ಕ್ರೈಸ್ತರು ಯಾರ ಮನೆಯಲ್ಲೇ ಆಗಲಿ, ಕಿತ್ತೂರು ನಾಡಿನ ಹಳ್ಳಿಯಲ್ಲಿ ಈ ಮಾತಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಕಡಲ ತೀರದ ಈ ಅಧ್ಯಾಯವನ್ನು ನಮ್ಮವರು ತಮ್ಮದೆಂದೇ ಓದಬಹುದು. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟಗಳು ಇವೇ. ಅಗೆಯುತ್ತ ಅಗೆಯುತ್ತ ಹುಡುಗನ ಮನಸ್ಸು ತಿಳಿಯಾಗುತ್ತದೆ. ಸೋಲದ ದಂಡದ ಹಿಂದೆ ಓಡುವುದನ್ನು ಬಿಟ್ಟು, ಮಾಡಬೇಕಾದ ಕೆಲಸವನ್ನು ಮಾಡುವೆನೆಂದು ಅವನು ಅಲ್ಲೇ ನಿರ್ಧರಿಸುತ್ತಾನೆ. ಆ ನಿರ್ಧಾರದ ಕಾರಣವನ್ನು ಲೇಖಕಿ ವಿವರಿಸಲು ಹೋಗುವುದಿಲ್ಲ. ಮಣ್ಣು, ಬೆವರು, ಬೆಳಗಿನ ಚಳಿ ಇಷ್ಟನ್ನೇ ಹೇಳುತ್ತಾರೆ.

34ನೆಯ ಅಧ್ಯಾಯ ಈ ಎಲ್ಲಕ್ಕೂ ಶಿಖರ. ವೋಲ್ಡೆಮಾರ್ಟನ ಆತ್ಮದ ಒಂದು ಚೂರು ತನ್ನೊಳಗೇ ಇದೆ, ತಾನು ಸಾಯದೆ ಅವನು ಸಾಯಲಾರ ಎಂಬುದು ಹ್ಯಾರಿಗೆ ತಿಳಿಯುತ್ತದೆ. ತಾನಾಗಿ ಹೋಗದಿದ್ದರೆ ಶಾಲೆಯಲ್ಲಿ ಉಳಿದವರ ಕೊಲೆಯಾಗುತ್ತದೆ. ಅವನು ಯಾರಿಗೂ ಹೇಳದೆ ಕಾಡಿನ ಕಡೆ ನಡೆಯುತ್ತಾನೆ. ಕೈಯಲ್ಲಿ ಸತ್ತವರನ್ನು ಕರೆಯುವ ಕಲ್ಲಿದೆ. ಅವನು ಅದನ್ನು ತಿರುಗಿಸುತ್ತಾನೆ. ತಂದೆ, ತಾಯಿ, ತಂದೆಯ ಇಬ್ಬರು ಗೆಳೆಯರು ಬಂದು ಅಕ್ಕಪಕ್ಕದಲ್ಲಿ ನಡೆಯುತ್ತಾರೆ. ಅಡಗೂಲಜ್ಜಿ ಕಥೆಯ ನಡುವಣ್ಣನಿಗೂ ಇವನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅವನು ಸತ್ತವರನ್ನು ತನ್ನ ಬಳಿ ಉಳಿಸಿಕೊಳ್ಳಲು ಕರೆದ, ಇವನು ತಾನು ಅವರ ಕಡೆಗೆ ಹೋಗುವಾಗ ಜೊತೆ ಬೇಡಿದ. ಕೊನೆಯ ಕ್ಷಣದಲ್ಲಿ ಕಲ್ಲು ಅವನ ಬೆರಳುಗಳಿಂದ ಜಾರಿ ಕಾಡಿನ ನೆಲಕ್ಕೆ ಬೀಳುತ್ತದೆ. ದಂಡವನ್ನು ಅವನು ಎತ್ತುವುದೂ ಇಲ್ಲ. ಗೆತ್ಸೆಮನೆಯ ತೋಟವನ್ನು ಬಲ್ಲ ಓದುಗರಿಗೆ ಇಲ್ಲಿ ಏನು ನೆನಪಾಗುತ್ತದೆಂದು ನಾನು ಬರೆಯಬೇಕಾಗಿಲ್ಲ. ಆದರೆ ಹ್ಯಾರಿಯನ್ನು ಕ್ರಿಸ್ತನೆಂದು ಕರೆಯುವ ಆತುರ ನನಗಿಲ್ಲ. ಅವನು ಅಂಜಿದ ಹುಡುಗ. ತನ್ನ ಎದೆಬಡಿತವನ್ನು ಎಣಿಸುತ್ತ, ನಡುಗುತ್ತ ನಡೆಯುತ್ತಾನೆ. ಹಾಗಿರುವುದರಿಂದಲೇ ಅವನ ನಡಿಗೆ ನಂಬುವಂತಿದೆ.

ಕನ್ನಡದಲ್ಲಿ ಸರಣಿಯ ಕೊನೆಯ ಪುಸ್ತಕವೆಂದೊಡನೆ ನೆನಪಾಗುವುದು ತ.ರಾ.ಸು. ಅವರ ‘ದುರ್ಗಾಸ್ತಮಾನ’. ಚಿತ್ರದುರ್ಗದ ನಾಯಕರನ್ನು ಕುರಿತು ಒಂದರ ಮೇಲೊಂದು ಕಾದಂಬರಿ ಬರೆದ ಅವರು 1982ರಲ್ಲಿ ಕಡೆಯ ಮದಕರಿನಾಯಕನ ಕಥೆಯಿಂದ ಅದನ್ನು ಮುಗಿಸಿದರು. ಅವರು ತೀರಿಕೊಂಡ ಮೇಲೆ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಲ್ಲಿ ಕೊನೆಯನ್ನು ಇತಿಹಾಸವೇ ಬರೆದಿಟ್ಟಿತ್ತು. 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದನ್ನು ಯಾವ ಕಾದಂಬರಿಕಾರನೂ ತಪ್ಪಿಸಲಾರ. ಕಲ್ಪನಾಲೋಕದ ಕಥೆ ಬರೆಯುವವರಿಗೆ ಆ ಕಟ್ಟು ಇಲ್ಲ. ಹೊಸದೊಂದು ಮಂತ್ರ ಹುಟ್ಟಿಸಿ ಸತ್ತವರನ್ನೆಲ್ಲ ಎಬ್ಬಿಸಿದರೆ ಕೇಳುವವರು ಯಾರು? ಸವದತ್ತಿ ಗುಡ್ಡದ ಎಲ್ಲಮ್ಮನ ಕಥೆಯಲ್ಲಿ ಮಗನ ಕೊಡಲಿಗೆ ತಲೆಕೊಟ್ಟ ತಾಯಿ ವರದ ಬಲದಿಂದ ಮರಳಿ ಏಳುತ್ತಾಳೆ. ಆ ಕಥೆಗೆ ಅದರದೇ ನ್ಯಾಯವಿದೆ. ಇಂಥ ಕಥೆಗಳನ್ನು ಕೇಳಿ ಬೆಳೆದ ಮಗು ಹ್ಯಾರಿಯ ತಾಯಿಯೂ ಏಳುವಳೆಂದು ಏಳು ಪುಸ್ತಕಗಳ ಉದ್ದಕ್ಕೂ ಕಾಯಬಹುದು. ರೌಲಿಂಗ್ ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡು, ಮೊದಲ ಪುಸ್ತಕದಿಂದ ಕೊನೆಯವರೆಗೆ ಅದನ್ನು ಮುರಿಯದೆ ನಡೆದರು. ಈ ಪುಸ್ತಕ ಕೊಡುವ ತೃಪ್ತಿಯ ಮೂಲ ಅದೆಂದು ನಾನು ತಿಳಿಯುತ್ತೇನೆ.

ಹಾಗಾದರೆ ಹ್ಯಾರಿ ಮಾತ್ರ ಹೇಗೆ ಮರಳುತ್ತಾನೆ? ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ. ಕಾಡಿನಲ್ಲಿ ಬಿದ್ದ ಅವನು ಬೆಳ್ಳಗಿನ ಮಂಜಿನ ನಡುವೆ ಲಂಡನ್ನಿನ ‘ಕಿಂಗ್ಸ್ ಕ್ರಾಸ್’ ರೈಲು ನಿಲ್ದಾಣದಂತಹ ಜಾಗದಲ್ಲಿ ಕಣ್ಣು ತೆರೆಯುತ್ತಾನೆ. ಆ ಹೆಸರಿನ ಅರ್ಥ ‘ಅರಸನ ಶಿಲುಬೆ’ ಎಂದು. ಅಲ್ಲಿ ಡಂಬಲ್‌ಡೋರ್ ಅವನಿಗೆ ರಕ್ತದ ನಂಟು, ಆತ್ಮದ ಚೂರು ಎಂದೆಲ್ಲ ವಕೀಲರಂತೆ ವಿವರಿಸುತ್ತಾರೆ. ಅಷ್ಟು ವಿವರಣೆ ಬೇಕಿರಲಿಲ್ಲ. ಆದರೆ ಮರಳುವುದು ವರವಾಗಿ ಬರದೆ ಆಯ್ಕೆಯಾಗಿ ಬರುತ್ತದೆಂಬುದು ಆ ಅಧ್ಯಾಯವನ್ನು ಉಳಿಸಿದೆ. ರೈಲು ಹತ್ತಿ ಮುಂದೆ ಹೋಗಬಹುದು, ಅಲ್ಲಿ ನೋವಿಲ್ಲ. ಹಿಂದಿರುಗಿದರೆ ನೋವೂ ಉಂಟು, ಇನ್ನಷ್ಟು ಜನರನ್ನು ಕಳೆದುಕೊಳ್ಳುವ ಭಯವೂ ಉಂಟು. ಹ್ಯಾರಿ ಹಿಂದಿರುಗುತ್ತಾನೆ.

ಪುಸ್ತಕದಲ್ಲಿ ಕುಂದುಗಳಿಲ್ಲವೆಂದಲ್ಲ. ನಡುವಿನ ನೂರಾರು ಪುಟಗಳಲ್ಲಿ ಮೂವರೂ ಡೇರೆ ಹೊತ್ತು ಕಾಡಿನಿಂದ ಕಾಡಿಗೆ ಅಲೆಯುತ್ತಾರೆ. ಹಸಿವು, ಬೇಸರ, ಜಗಳ. ಅವರ ಬೇಸರ ಓದುಗರಿಗೂ ತಗಲುತ್ತದೆ. ಸೋಲದ ದಂಡದ ನಿಜವಾದ ಒಡೆಯ ಯಾರೆಂಬ ಲೆಕ್ಕವಂತೂ ಹೊಲದ ಉತಾರದ ತಕರಾರಿನಷ್ಟೇ ಗೋಜಲು. ಅಂತಿಮ ಹೋರಾಟದ ನಡುವೆ ಅದನ್ನು ನಿಂತು ಬಿಡಿಸುವುದು ರಸಭಂಗ. ಲೂಪಿನ್ ಮತ್ತು ಟಾಂಕ್ಸ್ ದಂಪತಿ ಹಸುಗೂಸನ್ನು ಬಿಟ್ಟು ಸಾಯುತ್ತಾರೆ. ಆ ಸಾವನ್ನು ನಾವು ಕಾಣುವುದೇ ಇಲ್ಲ, ಸಾಲಾಗಿ ಮಲಗಿಸಿದ ದೇಹಗಳ ನಡುವೆ ಅವರೂ ಇರುತ್ತಾರಷ್ಟೆ. ‘ಹತ್ತೊಂಬತ್ತು ವರ್ಷಗಳ ನಂತರ’ ಎಂಬ ಉಪಸಂಹಾರದಲ್ಲಿ ಎಲ್ಲರಿಗೂ ಮದುವೆಯಾಗಿದೆ, ಎಲ್ಲರಿಗೂ ಮಕ್ಕಳಾಗಿವೆ. ಹಳೆಯ ಕನ್ನಡ ಚಲನಚಿತ್ರಗಳ ‘ಶುಭಂ’ ಫಲಕದಂತೆ ಅದು ಕಾಣುತ್ತದೆ. ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಒಂದೇ. ಬದುಕಿರುವಷ್ಟು ಕಾಲ ತನ್ನನ್ನು ಹೀಯಾಳಿಸಿದ, ಗುಟ್ಟಾಗಿ ತನಗಾಗಿ ಪ್ರಾಣವನ್ನೇ ತೆತ್ತ ಸ್ನೇಪ್ ಮಾಸ್ತರರ ಹೆಸರನ್ನು ಹ್ಯಾರಿ ತನ್ನ ಮಗನಿಗೆ ಇಟ್ಟಿದ್ದಾನೆ. ಆ ಹೆಸರಿನಲ್ಲಿ ಇರುವಷ್ಟು ಕ್ಷಮೆ ಪುಟಗಟ್ಟಲೆ ಮಾತಿನಲ್ಲಿ ಬರುತ್ತಿರಲಿಲ್ಲ.

ಚಲನಚಿತ್ರವನ್ನು ಮಾತ್ರ ನೋಡಿದ ಮಕ್ಕಳಿಗೆ ಕೊನೆಯ ಅಧ್ಯಾಯವನ್ನಾದರೂ ಓದಲು ಕೊಡಿ. ಹತ್ತು ಹನ್ನೊಂದು ವಯಸ್ಸಿನವರಿಗೆ ಮೊದಲ ಮೂರು ಪುಸ್ತಕಗಳೇ ಸಾಕು. ಈ ಏಳನೆಯದು ಹೈಸ್ಕೂಲು ಮುಟ್ಟಿದವರಿಗೆ, ಸಾಧ್ಯವಾದರೆ ಹೆತ್ತವರೂ ಜೊತೆಗೆ ಓದಬೇಕಾದದ್ದು. 2011ರ ಚಿತ್ರದಲ್ಲಿ ವೋಲ್ಡೆಮಾರ್ಟನ ದೇಹ ಸುಟ್ಟ ಕಾಗದದಂತೆ ಚಕ್ಕೆಚಕ್ಕೆಯಾಗಿ ಗಾಳಿಯಲ್ಲಿ ಹಾರಿಹೋಗುತ್ತದೆ. ಪುಸ್ತಕದಲ್ಲಿ ಹಾಗಿಲ್ಲ. ಅಲ್ಲಿ ಹ್ಯಾರಿ ಕೊನೆಯ ಗಳಿಗೆಯಲ್ಲಿಯೂ ಅವನಿಗೆ ಪಶ್ಚಾತ್ತಾಪ ಪಡಲು ಪ್ರಯತ್ನಿಸು ಎಂದು ಹೇಳುತ್ತಾನೆ. ತಾಯಿತಂದೆಯರ ಕೊಲೆಗಾರನಿಗೆ ಅಷ್ಟು ಹೇಳಿದ ಮೇಲೆ, ಕೊಲ್ಲುವ ಮಂತ್ರಕ್ಕೆ ಎದುರಾಗಿ ಆಯುಧ ಕೆಳಗಿಳಿಸುವ ಮಂತ್ರವನ್ನಷ್ಟೇ ಪ್ರಯೋಗಿಸುತ್ತಾನೆ. ವೋಲ್ಡೆಮಾರ್ಟನ ಮಂತ್ರ ಅವನಿಗೇ ತಿರುಗುತ್ತದೆ. ಸಾವನ್ನು ಗೆಲ್ಲಲು ಹೊರಟವನು ಎಲ್ಲ ಮನುಷ್ಯರಂತೆ ನೆಲಕ್ಕೆ ಬೀಳುತ್ತಾನೆ, ಎಲ್ಲರ ಹೆಣದಂತೆ ಅವನದೂ ಒಂದು ಹೆಣ. ಅವನೆದುರು ಹೋರಾಡಿ ಮಡಿದ ಐವತ್ತಕ್ಕೂ ಹೆಚ್ಚು ಜನರಿಂದ ದೂರವಾಗಿ, ಬೇರೆ ಕೋಣೆಯಲ್ಲಿ ಅದನ್ನು ಇಡುತ್ತಾರೆ.

ಚಿತ್ರದಲ್ಲಿ ಹ್ಯಾರಿ ಸೋಲದ ದಂಡವನ್ನು ಎರಡು ತುಂಡಾಗಿ ಮುರಿದು ಕಂದಕಕ್ಕೆ ಎಸೆಯುತ್ತಾನೆ. ನೋಡಲು ಅದು ಸೊಗಸು. ಪುಸ್ತಕದಲ್ಲಿ ಅವನು ಆ ದಂಡದಿಂದ ಒಂದೇ ಒಂದು ಕೆಲಸ ತೆಗೆದುಕೊಳ್ಳುತ್ತಾನೆ, ಮುರಿದುಹೋಗಿದ್ದ ತನ್ನ ಹಳೆಯ ದಂಡವನ್ನು ಸರಿಪಡಿಸಿಕೊಳ್ಳುತ್ತಾನೆ. ಆಮೇಲೆ ಅದನ್ನು ಡಂಬಲ್‌ಡೋರರ ಸಮಾಧಿಗೇ ಹಿಂದಿರುಗಿಸುವೆನೆಂದು ಹೇಳುತ್ತಾನೆ. ರಾನ್ ಅದನ್ನು ಆಸೆಗಣ್ಣಿನಿಂದ ನೋಡುತ್ತಾನೆ. ಹ್ಯಾರಿಯ ಮನಸ್ಸಾಗಲೇ ಮಹಡಿಯ ಮೇಲಿನ ತನ್ನ ಹಾಸಿಗೆಯ ಕಡೆಗಿದೆ. ಹಿಂದೊಮ್ಮೆ ತನ್ನನ್ನು ದ್ವೇಷಿಸುತ್ತಿದ್ದ ಮುದಿ ಮನೆಯಾಳು ಕ್ರೀಚರ್ ಅಲ್ಲಿಗೆ ಎರಡು ತುಂಡು ರೊಟ್ಟಿ ತಂದುಕೊಟ್ಟಾನೇ ಎಂದು ಅವನು ಯೋಚಿಸುತ್ತಿದ್ದಾನೆ.